ಬಿ12 ಬೆರೆಸಿದ ತೂಕದ ಸೂಜಿ: ಹಿಂದೂಪುರ, ಕಲ್ಯಾಣದುರ್ಗದ ಕಡೆ ಕೇಳಿಬರುವ ಮಾತು ಮತ್ತು ವಾಸ್ತವ

ತೂಕ ಇಳಿಸುವ ಸೂಜಿಮದ್ದುಗಳಲ್ಲಿ ಮೌಂಜಾರೊ ಭಾರತಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ. ಹಿಂದೂಪುರಕ್ಕೆ ಬೆಂಗಳೂರು ನೂರು ಕಿಲೋಮೀಟರ್ ಆಸುಪಾಸು. ಅಲ್ಲಿನ ಆಸ್ಪತ್ರೆಗಳ ಸುದ್ದಿ ಗೌರಿಬಿದನೂರಿನ ರೈಲಿನಲ್ಲೇ ಬಂದು ಇಳಿಯುತ್ತದೆ. ಕಲ್ಯಾಣದುರ್ಗಕ್ಕೆ ಪಾವಗಡ, ಚಳ್ಳಕೆರೆ ಕಡೆಯ ನೆಂಟರು ಹೊತ್ತು ತರುತ್ತಾರೆ. ಅಮೆರಿಕದಲ್ಲಿರುವ ಮಕ್ಕಳದು ಇನ್ನೊಂದು ಸುದ್ದಿ: “ಇಲ್ಲಿ ಫಾರ್ಮಸಿಯವರೇ ವಿಟಮಿನ್ ಬೆರೆಸಿ, ನಮ್ಮ ಮೈಗೆ ತಕ್ಕ ಡೋಸ್ ಮಾಡಿಕೊಡ್ತಾರಮ್ಮ, ಬೆಲೆಯೂ ಕಮ್ಮಿ.” ತಕರಾರು ಇರುವುದು ಈ ಎರಡನೇ ಸುದ್ದಿಯ ಬಗ್ಗೆ.

ತಪ್ಪು ಕಲ್ಪನೆ: ಅಮೆರಿಕದಲ್ಲಿ ಮಾರುತ್ತಾರೆ ಅಂದಮೇಲೆ ಅಲ್ಲಿನ ಸರ್ಕಾರ ಪರೀಕ್ಷೆ ಮಾಡಿಯೇ ಇರುತ್ತದೆ.

ಕಂಪನಿಯ ಪ್ಯಾಕಿನಲ್ಲಿ ಬರುವ ಸೆಮಾಗ್ಲುಟೈಡನ್ನು (ವೆಗೋವಿಯಲ್ಲಿರುವ ಔಷಧಿ) ಪರೀಕ್ಷೆ ಮಾಡಿದೆ. ಫಾರ್ಮಸಿಯಲ್ಲಿ ಬೆರೆಸಿ ಕೊಡುವುದನ್ನು ಅಲ್ಲಿನ ಔಷಧ ಸಂಸ್ಥೆ ಎಫ್‌ಡಿಎ ಪರೀಕ್ಷಿಸಿ ಒಪ್ಪಿಗೆ ಕೊಡುವ ಪದ್ಧತಿಯೇ ಇಲ್ಲ. 2022ರಿಂದ ಸೆಮಾಗ್ಲುಟೈಡ್‌ಗೆ ಅಭಾವ ಬಂತು; ಅಭಾವ ಇದ್ದಷ್ಟು ದಿನ ಬೆರೆಸುವ ಫಾರ್ಮಸಿಗಳು ಅದರ ನಕಲು ಮಾಡಬಹುದಿತ್ತು. 2025ರ ಫೆಬ್ರವರಿಯಲ್ಲಿ ಅಭಾವ ಮುಗಿಯಿತೆಂದು ಎಫ್‌ಡಿಎ ಸಾರಿತು, ಮೇ ಹೊತ್ತಿಗೆ ಕೊಟ್ಟ ಗಡುವುಗಳೂ ಮುಗಿದವು. ಯಥಾವತ್ ನಕಲು ಮಾಡುವಂತಿಲ್ಲ ಎಂದಾದ ಮೇಲೆ ಬಿ12 ಬೆರೆಸಿದ್ದು, ಡೋಸ್ ಬದಲಿಸಿದ್ದು, “ನಿಮಗಾಗಿಯೇ” ಎಂಬ ಹೆಸರಿನದು ಅಂಗಡಿಗಳಲ್ಲಿ ಉಳಿದುಕೊಂಡವು. ಆ ವಿಟಮಿನ್ ರೋಗಿಗಿಂತ ಹೆಚ್ಚಾಗಿ ಕಾನೂನಿಗಾಗಿ ಬೆರೆತದ್ದು ಎಂದೇ ನನಗೆ ಅನ್ನಿಸುತ್ತದೆ. ಬಣ್ಣದ ಅಲರ್ಜಿ ಇರುವವರಿಗೆ ಬಣ್ಣವಿಲ್ಲದ ಔಷಧಿ ಮಾಡಿಕೊಡುವುದು ಇದೇ ಫಾರ್ಮಸಿಗಳ ನ್ಯಾಯವಾದ ಕೆಲಸ. ಅದನ್ನು ಯಾರೂ ಆಕ್ಷೇಪಿಸುವುದಿಲ್ಲ.

ತಪ್ಪು ಕಲ್ಪನೆ: ಬಿ12 ಸೇರಿದರೆ ಶಕ್ತಿಯೂ ಬರುತ್ತದೆ, ತೂಕವೂ ಬೇಗ ಇಳಿಯುತ್ತದೆ.

ಬಿ12 ದ್ರಾವಣ ಕೆಂಪಗಿರುತ್ತದೆ. ಸುಸ್ತು ಎಂದರೆ ಸಾಕು, “ಶಕ್ತಿ ಸೂಜಿ” ಹಾಕಿಸಿಕೊಂಡು ಬರುವುದು ನಮ್ಮ ಕಡೆ ಹಳೆಯ ರೂಢಿ. ಹಾಗಾಗಿ ಸೀಸೆಯಲ್ಲಿ ಕೆಂಪು ಕಂಡರೆ ನಂಬಿಕೆ ತಾನಾಗಿ ಹುಟ್ಟುತ್ತದೆ. ಆದರೆ ಬಿ12ನಿಂದ ತೂಕ ಇಳಿಯುವುದಿಲ್ಲ. 2021ರಲ್ಲಿ ಪ್ರಕಟವಾದ ಸ್ಟೆಪ್ 1 ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿದದ್ದು ಸೆಮಾಗ್ಲುಟೈಡ್‌ನಿಂದ. ಅದರಲ್ಲಿ ಯಾವ ವಿಟಮಿನ್ನೂ ಬೆರೆತಿರಲಿಲ್ಲ.

ಬಿ12 ಕೊರತೆ ಮಾತ್ರ ನಿಜವಾದ ತೊಂದರೆ. ಶುದ್ಧ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರಲ್ಲಿ ಕಾಣುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಮಾತ್ರೆ ಬೇರೆಯಾಗಿ ಅಗ್ಗಕ್ಕೆ ಸಿಗುತ್ತದೆ. ಈ ಸೂಜಿ ಹಾಕಿಸಿಕೊಂಡವರು ಹೆಚ್ಚು ಎಚ್ಚರ ವಹಿಸಬೇಕಾದ್ದು ಪ್ರೋಟೀನಿನ ಬಗ್ಗೆ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಹಸಿವು ಸತ್ತಾಗ ಅರ್ಧ ಮುದ್ದೆಗೇ ಹೊಟ್ಟೆ ತುಂಬಿ, ಸಾರಿನೊಳಗಿನ ಹುರುಳಿ, ಅವರೆಕಾಳು ತಟ್ಟೆಯಲ್ಲೇ ಉಳಿಯುತ್ತದೆ. ಕಾಳನ್ನೋ ಮೊಟ್ಟೆಯನ್ನೋ ಮೊದಲು ತಿಂದು ಮುದ್ದೆಗೆ ಆಮೇಲೆ ಕೈ ಹಾಕುವುದು ಒಳ್ಳೆಯದು.

ತಪ್ಪು ಕಲ್ಪನೆ: ಸೀಸೆಯಿಂದ ನಾವೇ ಎಳೆದುಕೊಂಡರೆ ನಮಗೆ ಬೇಕಾದಷ್ಟೇ ಡೋಸ್.

ಹೆಚ್ಚು ಅಪಾಯ ಇರುವುದು ಇಲ್ಲಿ. ವೆಗೋವಿಯ ಪೆನ್ನು 0.25 ಮಿಲಿಗ್ರಾಂನಿಂದ ಶುರು. ಒಂದೊಂದು ಮೆಟ್ಟಿಲಿಗೆ ನಾಲ್ಕು ವಾರ, ಕೊನೆಗೆ 2.4. ಹೊಟ್ಟೆ ಒಗ್ಗದಿದ್ದರೆ ಡಾಕ್ಟರು ಅದೇ ಮೆಟ್ಟಿಲಲ್ಲಿ ನಿಲ್ಲಿಸುತ್ತಾರೆ. ಮೈಗೆ ತಕ್ಕ ಡೋಸ್ ಎಂದರೆ ಇದೇ. ಬೆರೆಸಿದ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದು ಅಂಗಡಿಯಿಂದ ಅಂಗಡಿಗೆ ಬೇರೆ, ಎಳೆಯುವುದು ಇನ್ಸುಲಿನ್ ಸಿರಿಂಜಿನ ಯೂನಿಟ್ ಲೆಕ್ಕದಲ್ಲಿ. ಜನ ಐದರಿಂದ ಇಪ್ಪತ್ತು ಪಟ್ಟು ಹೆಚ್ಚು ಚುಚ್ಚಿಕೊಂಡು ಆಸ್ಪತ್ರೆ ಸೇರಿದ ಪ್ರಕರಣಗಳ ಬಗ್ಗೆ 2024ರ ಜುಲೈನಲ್ಲಿ ಎಫ್‌ಡಿಎ ಎಚ್ಚರಿಸಿತು.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. ಮೆಡಿಕಲ್ ಸ್ಟೋರಿನಲ್ಲಿ ಇನ್ಸುಲಿನ್ ಸಿರಿಂಜು ಎರಡು ಬಗೆ: ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್, ಕೇಸರಿ ಮುಚ್ಚಳದ್ದು 100. ಮಿಲಿಲೀಟರಿಗೆ 2.5 ಮಿಲಿಗ್ರಾಂ ಇರುವ ಸೀಸೆಯಿಂದ “10 ಯೂನಿಟ್ ಎಳೆಯಿರಿ” ಎಂದು ಅಮೆರಿಕದಿಂದ ಮಗಳು ಹೇಳಿದಳು ಎನ್ನಿ. ಕೇಸರಿ ಸಿರಿಂಜಿನಲ್ಲಿ ಅದು 0.25 ಮಿಲಿಗ್ರಾಂ. ಮನೆಯಲ್ಲಿ ಅಪ್ಪನ ಇನ್ಸುಲಿನ್ನಿಗೆಂದು ಇಟ್ಟ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಅದೇ 10 ಯೂನಿಟ್ 0.625 ಆಗುತ್ತದೆ, ಎರಡೂವರೆ ಪಟ್ಟು. ಮೊದಲ ವಾರಕ್ಕೇ ವಾಂತಿ ಹತ್ತಿ, ನೀರು ಕುಡಿಯಲೂ ಆಗದೆ ಸಲೈನ್ ಹಾಕಿಸುವ ಗತಿ ಬರಬಹುದು. ಹೀಗೆ ಒಣಗಿದರೆ ಮೂತ್ರಪಿಂಡಕ್ಕೂ ಪೆಟ್ಟು.

ಇನ್ನು ಬಿಸಿಲು. ತೆರೆಯದ ಔಷಧಿ 2ರಿಂದ 8 ಡಿಗ್ರಿಯಲ್ಲಿರಬೇಕು. ಹೊರಗೆ ಇಡಬಹುದಾದ ಮೌಂಜಾರೊ ಕೂಡ 30 ಡಿಗ್ರಿ ಒಳಗೆ, 21 ದಿನ ಮಾತ್ರ. ಅನಂತಪುರ ಸೀಮೆಯ ಏಪ್ರಿಲ್‌ನಲ್ಲಿ 40 ದಾಟುವುದು ಹೊಸದೇನಲ್ಲ. ಸೂಟ್‌ಕೇಸಿನಲ್ಲಿ, ಬಸ್ಸಿನ ಡಿಕ್ಕಿಯಲ್ಲಿ ಬಂದದ್ದು ಕೆಟ್ಟಿದ್ದರೂ ನೋಡಿ ಹೇಳಲಾಗದು.

ತಪ್ಪು ಕಲ್ಪನೆ: ಸೂಜಿ ಬೇಡ, ಗಿಡಮೂಲಿಕೆ ಪುಡಿಯಾದರೆ ಅಪಾಯವಿಲ್ಲ.

ಹೃದಯಕ್ಕೆ ಅಪಾಯವೆಂದು ಭಾರತದಲ್ಲಿ 2011ರಲ್ಲಿ ನಿಷೇಧವಾದ ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧಿ ಇಂಥ “ನೈಸರ್ಗಿಕ” ಪುಡಿ, ಕ್ಯಾಪ್ಸೂಲುಗಳಲ್ಲಿ ಎಷ್ಟೋ ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ. ಬೊಜ್ಜು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ. ಗೋಡೆಬರಹಗಳು ಮಾತ್ರ ಇದ್ದೇ ಇವೆ.

ತಪ್ಪು ಕಲ್ಪನೆ: ಮೂರು ತಿಂಗಳು ಹಾಕಿಸಿ ಬಿಟ್ಟರೆ ಮುಗಿಯಿತು.

ಸ್ಟೆಪ್ 1ರಲ್ಲಿ ಔಷಧಿ ನಿಲ್ಲಿಸಿದವರಿಗೆ ಒಂದೇ ವರ್ಷದಲ್ಲಿ ಇಳಿದಿದ್ದ ತೂಕದ ಮೂರನೇ ಎರಡು ಪಾಲು ಮರಳಿತು. ಮದುವೆಗೆ ಮುಂಚೆ ಸಣ್ಣಗಾಗಲು ಎಂದು ಶುರುಮಾಡುವವರಿಗೆ ಇದನ್ನು ಮೊದಲೇ ಹೇಳಬೇಕು. ಬಸಿರಿಗೆ ಎರಡು ತಿಂಗಳು ಮುಂಚೆಯೇ ಸೆಮಾಗ್ಲುಟೈಡ್ ನಿಲ್ಲಿಸಬೇಕೆಂಬುದನ್ನೂ.

ಬೆಲೆಯ ಮಾತಿಗೆ ಬಂದರೆ, ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ಪರವಾನಗಿ ಪಡೆದ ಕಂಪನಿಗಳ ಜೆನೆರಿಕ್‌ಗೆ ದಾರಿ ತೆರೆದಿದೆ. ಜೆನೆರಿಕ್ ಬೇರೆ, ಬೆರೆಸಿದ್ದು ಬೇರೆ. ಜೆನೆರಿಕ್ಕಿನ ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಅಚ್ಚಾಗಿರುತ್ತವೆ. ಡಾಕ್ಟರ ಚೀಟಿ ತೋರಿಸಿ ಕೊಂಡು, ಬಿಲ್ಲಿನಲ್ಲಿ ಅದೇ ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ.