ಕಾವೇರಿಯ ಕಾಡುಹರಿವು: ಅದರ ಐತಿಹ್ಯ, ಚರಿತ್ರೆ ಮತ್ತು ಬಿಳಿಮೀನು

ಕಾವೇರಿಯನ್ನು ಬೇಸಾಯಗಾರರು ನಾಲೆಯ ನೀರೆಂದೂ, ಯಾತ್ರಿಕರು ತೀರ್ಥವೆಂದೂ ಬಲ್ಲರು. ಆದರೆ ಶಿವನಸಮುದ್ರದ ಜಲಪಾತಗಳಿಂದ ಕೆಳಗೆ ಹೊಗೆನಕಲ್ಲಿನವರೆಗೆ ಬೆಟ್ಟಗಳ ನಡುವೆ ಭೋರ್ಗರೆಯುತ್ತ ಹರಿಯುವ ಕಾವೇರಿಯನ್ನು ಬಲ್ಲವರು ಕಡಮೆ. ಅಲ್ಲಿ ನದಿಯು ಗದ್ದೆಗೆ ನೀರೆರೆಯುವುದಿಲ್ಲ. ಬಂಡೆಗಳನ್ನು ಕೊರೆಯುತ್ತದೆ, ಮಡುಗಳನ್ನು ತೋಡುತ್ತದೆ, ಆನೆಗೂ ನೀರುನಾಯಿಗೂ ಮೊಸಳೆಗೂ ಆಶ್ರಯವನ್ನೀಯುತ್ತದೆ. ಈ ಹರಿವಿನ ಪೂರ್ವವೃತ್ತಾಂತವನ್ನು ತಿಳಿದಲ್ಲಿ, ಈಗ ನಿರ್ನಾಮವಾಗುವ ಸ್ಥಿತಿಗೆ ಬಂದಿರುವ ಒಂದು ಮೀನಿನ ಉಳಿವು ದಡದ ಗ್ರಾಮಸ್ಥರ ಕೈಯಲ್ಲಿ ಎಷ್ಟರಮಟ್ಟಿಗೆ ಇದೆಯೆಂಬುದು ಗೊತ್ತಾಗುವುದು.

ನದಿಯ ಐತಿಹ್ಯಗಳು

ಅಗಸ್ತ್ಯ ಮಹರ್ಷಿಗಳ ಕಮಂಡಲುವಿನಲ್ಲಿದ್ದ ಕಾವೇರಿಯನ್ನು ಗಣಪತಿಯು ಕಾಗೆಯ ರೂಪದಿಂದ ಬಂದು ಉರುಳಿಸಿ, ಲೋಕಹಿತಕ್ಕಾಗಿ ಹರಿಯಗೊಟ್ಟನೆಂಬ ಕಥೆಯು ಎಲ್ಲರಿಗೂ ತಿಳಿದಿರುವುದಷ್ಟೆ. ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ನಡೆಯುವ ತೀರ್ಥೋದ್ಭವಕ್ಕೆ ಇಂದಿಗೂ ಸಾವಿರಾರು ಜನರು ನೆರೆಯುತ್ತಾರೆ. ನದಿಯು ಕವಲೊಡೆದು ನಡುಗಡ್ಡೆಯಾಗುವ ಮೂರು ಎಡೆಗಳಲ್ಲಿ ರಂಗನಾಥನು ನೆಲಸಿರುವನು: ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ಶ್ರೀರಂಗದಲ್ಲಿ ಅಂತ್ಯರಂಗ.

ಕಾಡುಹರಿವಿನಲ್ಲಿರುವ ಮುತ್ತತ್ತಿಯ ಆಂಜನೇಯನನ್ನು ಸುತ್ತಲಿನ ಒಕ್ಕಲುಗಳು ಮುತ್ತೆತ್ತಿರಾಯನೆಂದು ಕರೆಯುವರು. ಸೀತಾದೇವಿಯು ಇಲ್ಲಿ ಮೀಯುತ್ತಿದ್ದಾಗ ಮುತ್ತಿನ ಮೂಗುತಿಯು ನೀರಿಗೆ ಬೀಳಲು, ಹನುಮಂತನು ಬಾಲದಿಂದ ಮಡುವನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂದು ಸ್ಥಳಪುರಾಣವು ಹೇಳುತ್ತದೆ. ಇನ್ನೂ ಕೆಳಗೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವನ್ನು ದಾಟಿದ ಮೇಲೆ, ಇಡೀ ನದಿಯು ಕಿರಿದಾದ ಕಲ್ಲುಕೊರಕಲಿನಲ್ಲಿ ನುಗ್ಗುವ ಮೇಕೆದಾಟು ಇದೆ. ಹುಲಿಯು ಅಟ್ಟಿಬರಲು ಮೇಕೆಯೊಂದು ಪ್ರಾಣಭಯದಿಂದ ಈ ಕೊರಕಲನ್ನು ಹಾರಿ ಬದುಕಿತೆಂದು ಕೆಲವರೂ, ಆ ಮೇಕೆಯು ಸಾಕ್ಷಾತ್ ಶಿವನೇ ಎಂದು ಮತ್ತೆ ಕೆಲವರೂ ಹೇಳುವರು. ಬಂಡೆಯ ಮೇಲಿನ ಗುಳಿಗಳನ್ನು ಮೇಕೆಯ ಗೊರಸಿನ ಗುರುತುಗಳೆಂದು ತೋರಿಸುವುದುಂಟು.

ಶಿವನಸಮುದ್ರಕ್ಕೆ ಮೇಲಿರುವ ತಲಕಾಡಿನ ಶಾಪದ ಕಥೆಯೂ ಇಲ್ಲಿ ನೆನೆಯತಕ್ಕದ್ದು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ತರುವಾಯ, ಒಡವೆಗಳಿಗಾಗಿ ಬೆನ್ನಟ್ಟಲ್ಪಟ್ಟ ಅಲಮೇಲಮ್ಮನು ಕಾವೇರಿಯಲ್ಲಿ ಮುಳುಗುವಾಗ, ತಲಕಾಡು ಮರಳಾಗಬೇಕೆಂದೂ ಮಾಲಂಗಿಯು ಮಡುವಾಗಬೇಕೆಂದೂ ಶಪಿಸಿದಳೆಂಬುದು ಜನಜನಿತವಾದ ಮಾತು. ಶಾಪವೆಂದು ಜನರು ಹೇಳಿದ ಆ ಮಡುವೇ ಬೆಸ್ತರ ದೃಷ್ಟಿಯಲ್ಲಿ ನದಿಯ ಭಂಡಾರ. ಬೇಸಗೆಯಲ್ಲಿ ಹೊಳೆಯು ಸಣ್ಣಗಾದಾಗ ಮೀನಿನ ಬೀಜವೆಲ್ಲ ಉಳಿಯುವುದು ಇಂತಹ ಆಳವಾದ ಮಡುಗಳಲ್ಲಿಯೇ.

ಚರಿತ್ರೆಯ ಕೆಲವು ಸಂಗತಿಗಳು

ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳೆಂಬ ಎರಡು ಕವಲುಗಳಾಗಿ ಸುಮಾರು ೩೦೦ ಅಡಿ ಕೆಳಕ್ಕೆ ಧುಮುಕುವ ನೀರಿನ ಬಲವನ್ನು ಬಳಸಿಕೊಳ್ಳುವ ಯೋಜನೆಯು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಯಿತು. ೧೯೦೨ರಲ್ಲಿ ಇಲ್ಲಿಂದ ೯೦ ಮೈಲಿಗಳಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯಿತು. ೧೯೧೧ರಲ್ಲಿ ಮೊದಲಾದ ಕನ್ನಂಬಾಡಿಯ ಕಟ್ಟೆಯು ಮಂಡ್ಯದ ಸೀಮೆಯನ್ನು ಹಸುರುಗೊಳಿಸಿತು. ೧೯೩೪ರಲ್ಲಿ ಮೆಟ್ಟೂರಿನ ಅಣೆಕಟ್ಟೆಯು ಮುಗಿಯಿತು. ಈ ಮಹತ್ಕಾರ್ಯಗಳಿಂದ ಒಕ್ಕಲಿಗರಿಗೆ ಆದ ಉಪಕಾರವು ವರ್ಣಿಸತಕ್ಕದ್ದಲ್ಲ. ಆದರೆ ಮೇಲೆಯೂ ಕೆಳಗೆಯೂ ಕಟ್ಟೆಗಳಾದುದರಿಂದ, ನಡುವಿನ ಈ ಕಾಡುಹರಿವು ಮೀನುಗಳಿಗೆ ಉಳಿದ ಕೆಲವೇ ಆಶ್ರಯಗಳಲ್ಲಿ ಒಂದಾಯಿತೆಂಬುದನ್ನೂ ಮರೆಯಲಾಗದು.

ಬಿಳಿಮೀನಿನ ಸ್ವಭಾವ

ಈ ಹರಿವಿನ ರಾಜನೆಂದರೆ ಬಿಳಿಮೀನು. ಇದನ್ನು ಮಹಶೀರ್ ಎಂದೂ ಕರೆಯುವರು. ಮಹಶೀರಿನಲ್ಲಿ ಹಲವು ಜಾತಿಗಳಿದ್ದು, ಬೆನ್ನು ಗೂನಾಗಿ ಉಬ್ಬಿ, ಬಾಲವು ಕಿತ್ತಳೆ ಬಣ್ಣದ್ದಾಗಿರುವ ಗೂನುಬೆನ್ನಿನ ಜಾತಿಯು ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಹೊರತು ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಇದಕ್ಕೆ ಬಾಯಲ್ಲಿ ಹಲ್ಲಿಲ್ಲ. ಗಂಟಲಿನೊಳಗೆ ಹಲ್ಲುಗಳಿದ್ದು, ಏಡಿಯನ್ನೂ ಕಪ್ಪೆಚಿಪ್ಪನ್ನೂ ನುಚ್ಚುಮಾಡಬಲ್ಲುದು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮೀನು ೧೨೦ ಪೌಂಡು ತೂಗಿತು. ಅಂದರೆ ಅದು ೫೪ ಕಿಲೋಗ್ರಾಂ, ರಾಗಿಯ ದೊಡ್ಡ ಮೂಟೆಯೊಂದರ ತೂಕ.

ಮುಂಗಾರಿನ ಕೆನ್ನೀರು ಬಂದೊಡನೆ ಬಿಳಿಮೀನು ಪ್ರವಾಹಕ್ಕೆ ಎದುರಾಗಿ ಈಜಿ, ಹೊಳೆಯ ಮೇಲ್ಭಾಗಗಳನ್ನೂ ಉಪನದಿಗಳನ್ನೂ ಸೇರಿ, ಶುದ್ಧವಾದ ನೊರಜುಗಲ್ಲಿನ ಮೇಲೆ ಮೊಟ್ಟೆಯಿಡುವುದು. ಕಲ್ಲುಗಳ ಸಂದಿನಲ್ಲಿ ನೀರು ಸರಾಗವಾಗಿ ಹರಿದರೆ ಮಾತ್ರ ಮೊಟ್ಟೆಯು ಮರಿಯಾಗುವುದು. ಕೆಸರು ಮುಚ್ಚಿದರೆ ಕೊಳೆತುಹೋಗುವುದು. ಮೊಳಕೆಗೆ ಹದವಾದ ಮಡಿ ಹೇಗೋ ಈ ಮೊಟ್ಟೆಗೆ ನೊರಜುಗಲ್ಲು ಹಾಗೆ.

ಬೆಸ್ತರ ವೃತ್ತಿಕ್ರಮ

ಈ ನದಿಯ ಬೆಸ್ತರಿಗೆ ದೋಣಿಯೆಂದರೆ ಹರಿಗೋಲು. ಬಿದಿರ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಅದಕ್ಕೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಟಾರು ಬಳಿಯುವರು. ದುಂಡಗಿರುವುದರಿಂದ ಇದು ಬಂಡೆಗೆ ತಾಗಿದರೂ ಒಡೆಯದೆ ತಿರುಗಿಕೊಂಡು ಪಾರಾಗುವುದು. ಬೀಸುಬಲೆ, ಗಾಳ, ಬಿದಿರ ಕೂಳಿ ಇವು ಅವರ ಉಪಕರಣಗಳು. ದೊಡ್ಡ ಬಿಳಿಮೀನಿಗೆ ರಾಗಿಹಿಟ್ಟನ್ನು ಬೇಯಿಸಿ ನಾದಿ ಮಾಡಿದ ಉಂಡೆಯೇ ಹೆಸರಾದ ಎರೆ. ಒಕ್ಕಲಿಗನ ಊಟವೇ ಹೊಳೆಯ ರಾಜನಿಗೂ ರುಚಿಸಿತೆಂದು ದಡದ ಜನರು ಹಾಸ್ಯಮಾಡುವುದು ಸಹಜವೇ ಸರಿ. ಬಲೆಯನ್ನು ನೀರಿಗೆ ಇಳಿಸುವ ಮುನ್ನ ಗಂಗಮ್ಮನಿಗೆ ಕೈಮುಗಿಯುವ ಪದ್ಧತಿಯೂ ಇದೆ.

ಈ ಉಪಕರಣಗಳಿಂದ ನದಿಯು ಬರಿದಾಗಲಿಲ್ಲ. ಬರಿದುಮಾಡಿದುದು ವಿಷ ಮತ್ತು ಸಿಡಿಮದ್ದು. ಕಾರೆಕಾಯಿಯನ್ನು ಜಜ್ಜಿ ನೀರಿಗೆ ಕದಡಿ ಮೀನನ್ನು ಮತ್ತುಗೊಳಿಸುವ ರೂಢಿ ಹಳೆಯದು. ಗಣಿಯ ಸಿಡಿಮದ್ದು ಅದಕ್ಕಿಂತ ಸಾವಿರ ಪಾಲು ಕ್ರೂರವಾದುದು. ಒಂದು ಸಿಡಿತಕ್ಕೆ ಮಡುವಿನ ದೊಡ್ಡ ಮೀನೂ ಎಳೆಮರಿಯೂ ಒಟ್ಟಿಗೆ ಸಾಯುವುವು. ಸತ್ತುದರಲ್ಲಿ ಬಹುಪಾಲು ತಳಕ್ಕೆ ಮುಳುಗಿ ಯಾರಿಗೂ ದಕ್ಕದೆ ಹೋಗುವುದು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆಚ್. ಎಸ್. ಥಾಮಸ್ ಅವರು ಮಹಶೀರಿನ ಗಾಳದ ಬೇಟೆಯನ್ನು ಕುರಿತು ೧೮೭೩ರಲ್ಲಿ ಗ್ರಂಥವನ್ನು ಪ್ರಕಟಿಸಿದರಲ್ಲದೆ, ಎಳೆಮೀನುಗಳ ನಾಶವನ್ನು ತಡೆಯಬೇಕೆಂದು ಸರ್ಕಾರಕ್ಕೆ ಒತ್ತಾಯಪಡಿಸಿದರು. ೧೮೯೭ರ ಮೀನುಗಾರಿಕೆಯ ಕಾಯಿದೆಯು ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ಕಾಯಿದೆಯಾಗಿ ನೂರು ವರ್ಷಗಳಿಗೂ ಮೀರಿದ್ದರೂ ಕಾಡುಹರಿವಿನಲ್ಲಿ ಸಿಡಿತದ ಸದ್ದು ಪೂರ್ತಿಯಾಗಿ ನಿಲ್ಲಲಿಲ್ಲ.

ಒಳ್ಳೆಯ ಉದ್ದೇಶದ ಕೆಟ್ಟ ಫಲ

೧೯೭೨ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರನ್ನೇ ಕಾವಲುಗಾರರನ್ನಾಗಿಯೂ ಮಾರ್ಗದರ್ಶಿಗಳನ್ನಾಗಿಯೂ ನೇಮಿಸಿತು. ಗಾಳದವರು ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಜೀವಸಹಿತ ನೀರಿಗೆ ಬಿಡುವ ಕ್ರಮವು ಬೆಳೆಯಿತು. ೧೯೮೭ರಲ್ಲಿ ಈ ಪ್ರದೇಶವು ಕಾವೇರಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ೨೦೧೨ರಲ್ಲಿ ಅದರೊಳಗೆ ಗಾಳದ ಕ್ರೀಡೆಯು ನಿಂತಿತು.

ಗಾಲಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಆಶ್ಚರ್ಯವೊಂದು ಕಂಡುಬಂದಿತು. ಒಟ್ಟು ಮಹಶೀರ್ ಮೀನುಗಳ ಸಂಖ್ಯೆ ಹೆಚ್ಚಿತ್ತು. ಆದರೆ ಅವು ನೀಲಿರೆಕ್ಕೆಯ ಜಾತಿಯವು. ಗೂನುಬೆನ್ನಿನ ಸ್ಥಳೀಯ ಮೀನು ವರ್ಷೇವರ್ಷೇ ಕಡಮೆಯಾಗಿ ಹೋಗಿತ್ತು. ನೀಲಿರೆಕ್ಕೆಯದು ಕೃಷ್ಣಾ ನದಿಯ ಕಡೆಯದು. ೧೯೭೦ರ ದಶಕದಿಂದೀಚೆಗೆ ಲೋಣಾವಳದಲ್ಲಿ ಮರಿಮಾಡಿದ ಈ ಜಾತಿಯನ್ನು, ಮಹಶೀರನ್ನು ಉಳಿಸುವ ಸದುದ್ದೇಶದಿಂದಲೇ ಹಲವು ನದಿಗಳಿಗೆ ಬಿಡಲಾಗಿತ್ತು. ಊರ ಹೊಲಕ್ಕೆ ಒಗ್ಗಿದ ತಳಿಯನ್ನು ವಿಚಾರಿಸದೆ ಪರಸ್ಥಳದ ಬೀಜವನ್ನು ಚೆಲ್ಲಿ, ಕೊನೆಗೆ ಊರ ಬೀಜವನ್ನೇ ಕಳೆದುಕೊಂಡ ಒಕ್ಕಲಿಗನ ಸ್ಥಿತಿಯಂತೆ ಇದಾಯಿತು. ೨೦೧೮ರಲ್ಲಿಯೇ ಗೂನುಬೆನ್ನಿನ ಮೀನಿನ ಶಾಸ್ತ್ರೀಯ ಹೆಸರು ನಿಶ್ಚಯವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ಅತ್ಯಂತ ಗಂಡಾಂತರದಲ್ಲಿರುವ ಜಾತಿಯೆಂದು ಸೇರಿಸಲಾಯಿತು.

ದೇವರ ಮೀನಿನ ಪಾಠ

ಕಾವಲಿಲ್ಲದೆಡೆಯಲ್ಲಿ ಮೀನು ಅಳಿದಿದ್ದರೆ, ನಂಬಿಕೆಯು ಕಾದೆಡೆಯಲ್ಲಿ ಉಳಿದಿದೆ. ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಬಳಿ ಭಕ್ತರು ಹಾಕುವ ಮಂಡಕ್ಕಿಗೆ ಮೀನುಗಳು ಗುಂಪುಗುಂಪಾಗಿ ಬರುವುದನ್ನು ಯಾತ್ರಿಕರೆಲ್ಲರೂ ಕಂಡಿರುವರು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಗುಡಿಯ ಮುಂದೆ ಕಪಿಲಾ ಹೊಳೆಯ ಮಹಶೀರ್ ಮೀನುಗಳು ದೇವರ ಮೀನುಗಳೆಂದು ಪೂಜ್ಯವಾಗಿವೆ. ೧೯೯೬ರಲ್ಲಿ ದುಷ್ಟರು ಅಲ್ಲಿ ವಿಷವಿಕ್ಕಿದುದರಿಂದ ಸಾವಿರಾರು ಮೀನುಗಳು ಸತ್ತುವು. ಅವುಗಳ ನೆನಪಿಗಾಗಿ ಅಲ್ಲಿ ಸ್ಮಾರಕವನ್ನು ನಿರ್ಮಿಸಲಾಯಿತು. ಮಡುವಿನಲ್ಲಿ ಮೀನುಗಳು ಮತ್ತೆ ಹೆಚ್ಚಿದುವು. ಕಾವಲುಗಾರನ ಕೋಲಿಗಿಂತ ಊರಿನ ಒಮ್ಮತವು ಬಲವಾದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗ್ರಾಮದ ಮುಖಂಡರ ಕರ್ತವ್ಯ

ಹೊಳೆಯ ದಡದಲ್ಲಿ ಜಮೀನುಳ್ಳವರು ಈ ಕೆಲವು ವಿಷಯಗಳಲ್ಲಿ ಎಚ್ಚರವಹಿಸತಕ್ಕದ್ದು.

ಮೊದಲನೆಯದಾಗಿ, ಬೆಳೆಗಳಿಗೆ ಸಿಂಪಡಿಸುವ ಔಷಧದ ಡಬ್ಬಗಳನ್ನೂ ಪಂಪುಗಳನ್ನೂ ಹೊಳೆಯಲ್ಲಾಗಲಿ ಹಳ್ಳದಲ್ಲಾಗಲಿ ತೊಳೆಯಗೊಡಬಾರದು. ಎರಡನೆಯದಾಗಿ, ಉಪನದಿಗಳ ಮರಳನ್ನೂ ನೊರಜುಗಲ್ಲನ್ನೂ ಬಗೆಯುವುದನ್ನು ತಡೆಯಬೇಕು. ಮೀನಿನ ಬಿತ್ತನೆಯ ಮಡಿಯೇ ಅದು. ಮೂರನೆಯದಾಗಿ, ದಡದ ಹೊಳೆಮತ್ತಿ, ನೇರಳೆ, ಹೊಂಗೆಯ ಮರಗಳನ್ನು ಕಡಿಯದೆ ಉಳಿಸಬೇಕು. ಅವುಗಳ ಬೇರು ಹೊಲದ ಮಣ್ಣನ್ನು ಹಿಡಿಯುವುದರಿಂದ ಜಮೀನ್ದಾರನಿಗೂ ಲಾಭ, ಹೊಳೆಗೂ ಲಾಭ. ನಾಲ್ಕನೆಯದಾಗಿ, ಮುಂಗಾರಿನಲ್ಲಿ ಮೀನು ಏರುವ ಹಳ್ಳಗಳಿಗೆ ಅಡ್ಡಲಾಗಿ ಬಲೆಯನ್ನೂ ಕೂಳಿಯನ್ನೂ ಇಡಗೊಡಬಾರದು. ಐದನೆಯದಾಗಿ, ಸಿಡಿಮದ್ದನ್ನು ಹಿಡಿದು ಹೊಳೆಗೆ ಇಳಿಯುವವನು ಊರವನಾದರೂ ಸರಿ, ಸಂಬಂಧಿಯಾದರೂ ಸರಿ, ಅವನನ್ನು ಮರೆಮಾಡದೆ ಅಧಿಕಾರಿಗಳಿಗೆ ತಿಳಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಹಣದ ವೆಚ್ಚವಿಲ್ಲ; ಊರಿನ ಮುಖಂಡರ ಮಾತಿನ ಬಲವೊಂದಿದ್ದರೆ ಸಾಕು. ಕೆರೆಯ ತೂಬನ್ನು ಯಾವನೋ ಒಬ್ಬನು ಒಡೆಯಲು ಊರು ಸುಮ್ಮನಿರುವುದಿಲ್ಲವಷ್ಟೆ. ಮಡುವನ್ನೂ ಹಾಗೆಯೇ ಊರ ಸ್ವತ್ತೆಂದು ಭಾವಿಸತಕ್ಕದ್ದು. ಕಳೆದುಹೋದ ಮೂಗುತಿಯನ್ನು ಹನುಮಂತನು ಮಡುವಿನಿಂದ ಎತ್ತಿಕೊಟ್ಟನೆಂದು ಮುತ್ತತ್ತಿಯ ಜನರು ನಂಬುವರು. ಗೂನುಬೆನ್ನಿನ ಬಿಳಿಮೀನು ಒಮ್ಮೆ ಕಳೆದುಹೋದರೆ ಅದನ್ನು ಮತ್ತೆ ಎತ್ತಿಕೊಡುವವರಿಲ್ಲ. ಆದುದರಿಂದ ಅದು ಇನ್ನೂ ನೀರಿನಲ್ಲಿರುವಾಗಲೇ ಕಾಪಾಡಿಕೊಳ್ಳುವುದು ದಡದ ಪ್ರತಿಯೊಂದು ಗ್ರಾಮದ ಹೊಣೆಯಾಗಿದೆ.