ಹೊಡೆತ ತಿನ್ನುವವನು ಮುಂದೆ

ಬಿಳಿಗೆರೆಯ ಅಕ್ಕನ ಮನೆಗೆ ಹೋಗಿದ್ದು ಸುತ್ತೂರು ಜಾತ್ರೆಯ ನೆಪದಲ್ಲಿ. ಜಾತ್ರೆ ಸುತ್ತಿ ಬಂದು, ಉಂಡು, ಹಜಾರದಲ್ಲಿ ಚಾಪೆ ಬಿಡಿಸುತ್ತಿದ್ದೆ. ಒಳಕೋಣೆಯಿಂದ ಅಳಿಯನ ದನಿ ಕೇಳಿತು: "ಯಾರೂ ಮುಟ್ಬ್ಯಾಡಿ ಕಣ್ರೋ. ಮೊದ್ಲು ನನ್ಗೆ ಹೊಡೀಲಿ, ಆಮೇಲೆ ಶುರು ಮಾಡಿ."

ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಅವನ ಮುಖ ಕೆಂಪಾಗಿತ್ತು. ತೆರೆಯ ಮೇಲೆ ಗೂಳಿಯ ತಲೆ, ಮನುಷ್ಯನ ಮೈ ಇದ್ದ ದೈತ್ಯನೊಬ್ಬ ಗುರಾಣಿ ಹಿಡಿದು ಕೆಂಪು ಬಟ್ಟೆಯ ನಾಲ್ವರು ಸನ್ಯಾಸಿಗಳ ಏಟನ್ನು ತಿನ್ನುತ್ತಿದ್ದ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಬಲ್ಲವರಿಗೆ ಇವನು ಟಾರೆನ್ ಕುಲದ ವಾರಿಯರ್. ಅಕ್ಕನ ಅತ್ತೆಗೆ ಮಾತ್ರ ಅವನು ಬಸವಣ್ಣ. "ಬಸವಣ್ಣನ್ನ ಹಂಗೆ ಹೊಡಿಸ್ಬಾರ್ದು ಕಣಪ್ಪ" ಎಂದು ಮೊಮ್ಮಗನಿಗೆ ಅನೇಕ ಸಲ ಹೇಳಿದ್ದಾರಂತೆ.

ಆದರೆ ಹೊಡೆಸಿಕೊಳ್ಳುವುದೇ ಅವನ ಕೆಲಸ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎರಡೂವರೆ ತಾಸು ಅಳಿಯನ ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಡುತ್ತಿದ್ದವರು ಐವರು. ಅಳಿಯ ಬಿಳಿಗೆರೆಯಲ್ಲಿ, ಎಲ್ಲರನ್ನೂ ವಾಸಿ ಮಾಡುವ ಪ್ರೀಸ್ಟ್ ಮೈಸೂರಿನ ಹುಡುಗಿ, ಮಂತ್ರ ಹಾಕುವ ಮೇಜ್ ಇಬ್ಬರಲ್ಲಿ ಒಬ್ಬ ಬೆಂಗಳೂರಿನ ಪಿ.ಜಿ. ಕೋಣೆಯಲ್ಲಿ, ಇನ್ನೊಬ್ಬ ದುಬೈನಲ್ಲಿ, ಕತ್ತಿಯ ರೋಗ್ ಚಾಮರಾಜನಗರದಲ್ಲಿ. ಸರ್ವರ್ ಇರುವುದು ಯುರೋಪಿನಲ್ಲಿ. ಇಲ್ಲಿ ಗುಂಡಿ ಒತ್ತಿದ್ದು ಅಲ್ಲಿಗೆ ಮುಟ್ಟಿ ಬರುವ ಹೊತ್ತು ತೆರೆಯ ಮೂಲೆಯಲ್ಲಿ 190, 210 ಮಿಲಿಸೆಕೆಂಡು ಎಂದು ಏರಿಳಿಯುತ್ತಿತ್ತು. ಅದಕ್ಕೆ ಅಳಿಯ ಶತ್ರುವಿನ ಕೈ ಎದ್ದ ಮೇಲೆ ಒತ್ತುವುದಿಲ್ಲ, ಏಳುವ ಮೊದಲೇ ಒತ್ತುತ್ತಾನೆ. ಇಯರ್‌ಫೋನಿನಲ್ಲಿ ಹರಿಯುತ್ತಿದ್ದುದು ಮಾತ್ರ ಶುದ್ಧ ನಂಜನಗೂಡು ಸೀಮೆಯ ಕನ್ನಡ.

ಐವರೂ ಹೊಕ್ಕಿದ್ದು ಒಂದು 'ಡಂಜನ್'. ಮೈಸೂರಿನ ಕಡೆಯವರಿಗೆ ಡಂಜನ್ ಎಂದೊಡನೆ ನೆನಪಾಗುವುದು ಶ್ರೀರಂಗಪಟ್ಟಣದ ಬೈಲಿ ಡಂಜನ್. ಶಾಲೆಯ ಪ್ರವಾಸದಲ್ಲಿ ಅದರ ಕಮಾನುಗಳ ಕೆಳಗೆ ಕೂಗಿ ಪ್ರತಿಧ್ವನಿ ಕೇಳದವರು ಕಡಿಮೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆ ಸಿಕ್ಕಿದ ಕರ್ನಲ್ ಬೈಲಿಯ ಹೆಸರು ಅದಕ್ಕೆ. ಆಟದ ಡಂಜನ್ ಬೇರೆ ಬಗೆಯದು. ಬಾಗಿಲು ದಾಟಿದೊಡನೆ ಆ ಐವರಿಗೆಂದೇ ಒಂದು ಪ್ರತಿ ಹುಟ್ಟುತ್ತದೆ, ಹೊರಗಿನವರು ಒಳಗೆ ಬರಲಾರರು. ಆ ರಾತ್ರಿ ಅವರು ಇದ್ದುದು 'ಸ್ಕಾರ್ಲೆಟ್ ಮೊನಾಸ್ಟರಿ'ಯಲ್ಲಿ. ಅದರ ನಾಲ್ಕು ಭಾಗಗಳಲ್ಲಿ ಕೊನೆಯದಾದ ಕೆಥೆಡ್ರಲ್, ಎಂದರೆ ದೊಡ್ಡ ಚರ್ಚು. ಅಳಿಯನ ವಾರಿಯರ್ 37ನೇ ಲೆವೆಲ್‌ನ ಕೊನೆಯಲ್ಲಿದ್ದ.

ಒಬ್ಬನೇ ಕಾಡುಮೇಡು ಅಲೆದು ಆಡುವುದಕ್ಕಿಂತ ಇಲ್ಲಿ ಬೇಗ ಬೆಳೆಯುವುದು ಹೇಗೆ? ಲೆಕ್ಕವನ್ನು ಅಳಿಯ ನನ್ನ ಡೈರಿಯ ಹಿಂಬದಿಯಲ್ಲೇ ಬರೆದುಕೊಟ್ಟ. ಹೊರಗೆ 100 ಎಕ್ಸ್‌ಪಿ (ಅನುಭವದ ಅಂಕ) ಕೊಡುವ ಜೀವಿ ಡಂಜನ್ನಿನವುಗಳಂತೆ ಬಲಶಾಲಿ 'ಎಲೀಟ್' ಆದರೆ ಎರಡರಷ್ಟು ಕೊಡುತ್ತದೆ, 200. ಐವರ ತಂಡಕ್ಕೆ ಆಟ 1.4ರ ಗುಣಕ ಸೇರಿಸುತ್ತದೆ, 280. ಐದು ಪಾಲು ಮಾಡಿದರೆ ತಲೆಗೆ 56. ಪಾಲು ಕಡಿಮೆಯಾಯಿತಲ್ಲ ಎಂದೆ. "ಮಾವ, ಒಬ್ನೇ ಇದ್ರೆ ಒಂದನ್ನ ಹೊಡ್ದು, ನೀರು ಕುಡ್ದು, ಇನ್ನೊಂದನ್ನ ಹುಡುಕ್ಕೊಂಡು ಹೋಗ್ಬೇಕು. ಇಲ್ಲಿ ನಾಲ್ಕು ಒಟ್ಟಿಗೆ ಬೀಳ್ತವೆ, ಹುಡುಕೋ ಹಂಗೇ ಇಲ್ಲ" ಎಂದ. ಅವರು ಆಡುವುದು ಆಟದ ಹಳೆಯ ಆವೃತ್ತಿ, ಅದರಲ್ಲಿ ಒಂದರಿಂದ ಎರಡನೇ ಲೆವೆಲ್‌ಗೆ 400 ಎಕ್ಸ್‌ಪಿ ಸಾಕು. 59ರಿಂದ 60ಕ್ಕೆ 2,09,800 ಬೇಕು. ಆ ಏರು ಹತ್ತಬೇಕಾದವನಿಗೆ ನಡೆದಾಟ ಉಳಿಯುವುದೇ ದೊಡ್ಡ ಗಳಿಕೆ.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಈ ಗಣಿತವಲ್ಲ, ಹಗೆಯ ಲೆಕ್ಕ. ಪ್ರತಿ ಶತ್ರುವಿಗೂ ಒಂದು ಪಟ್ಟಿ ಇರುತ್ತದೆ, ಐವರಲ್ಲಿ ಯಾರ ಮೇಲೆ ಎಷ್ಟು ಸಿಟ್ಟು ಎಂದು. ಆಟಗಾರರು ಥ್ರೆಟ್ ಎನ್ನುತ್ತಾರೆ, ನಾನು ಹಗೆ ಎನ್ನುತ್ತೇನೆ. ಹೊಡೆದವರ ಮೇಲೆ ಹಗೆ ಏರುತ್ತದೆ. ವಾಸಿ ಮಾಡಿದವರ ಮೇಲೂ ಏರುತ್ತದೆ, ಎರಡು ಅಂಕದ ಆರೈಕೆಗೆ ಒಂದು ಅಂಕದ ಹಗೆ, ಸುತ್ತ ಇರುವ ಶತ್ರುಗಳಿಗೆಲ್ಲ ಹಂಚಿಕೊಂಡು. ಹತ್ತಿರ ನಿಂತು ಹೊಡೆಯುವವನ ಹಗೆ ಎಲ್ಲರ ಮುಂದೆ ಏಟು ತಿನ್ನುವ ಟ್ಯಾಂಕ್‌ನದಕ್ಕಿಂತ ಶೇ 10 ಮೀರಿದರೆ, ದೂರದಿಂದ ಹೊಡೆಯುವವನದು ಶೇ 30 ಮೀರಿದರೆ ಶತ್ರು ತಿರುಗಿಬೀಳುತ್ತಾನೆ. ಮೇಜ್‌ಗೆ ಮೈಮೇಲೆ ಬಟ್ಟೆಯಷ್ಟೇ. ಮೂರು ಏಟಿಗೆ ನೆಲ ಕಚ್ಚುತ್ತಾನೆ.

ಆದ್ದರಿಂದ ಟ್ಯಾಂಕ್ ಆದವನು ಎಲ್ಲರ ಹಗೆಯನ್ನೂ ತನ್ನ ಮೇಲೆ ಎಳೆದುಕೊಂಡು ನಿಲ್ಲಬೇಕು. ಏಟು ತಿಂದಷ್ಟೂ ಅವನಿಗೆ 'ರೇಜ್' ತುಂಬುತ್ತದೆ. ಅದು ತುಂಬಿದರೇನೇ ಅವನ ಕೌಶಲಗಳು ನಡೆಯುವುದು. ಪೆಟ್ಟೇ ಅವನ ಎಣ್ಣೆ. ಅದಕ್ಕೇ "ಮೊದ್ಲು ನನ್ಗೆ ಹೊಡೀಲಿ" ಎಂಬ ಮಾತು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥ ಎಳೆಯುವುದನ್ನು ಕಂಡವರಿಗೆ ಇದು ಹೊಸತಲ್ಲ. ಹಗ್ಗಕ್ಕೆ ಕೈ ಹಾಕುವವರು ಸಾವಿರಾರು ಜನ, ಚಕ್ರದ ಬುಡದಲ್ಲಿ ಮರದ ತುಂಡು ಕೊಟ್ಟು ರಥ ತಿರುಗಿಸುವವರು ಬೆರಳೆಣಿಕೆಯಷ್ಟು. ಅವರು ಇಲ್ಲದೆ ರಥ ಬೀದಿ ದಾಟುವುದಿಲ್ಲ. ಆಟದಲ್ಲೂ ಹೊಡೆಯುವವರು ಬೇಕಾದಷ್ಟು, ಟ್ಯಾಂಕ್ ಮತ್ತು ವಾಸಿ ಮಾಡುವ ಹೀಲರ್‌ಗೆ ಸದಾ ಬರ. 2011ರಲ್ಲಿ ಕಂಪನಿಯೇ ಕೊರತೆ ಇರುವ ಪಾತ್ರ ಹೊತ್ತು ಬಂದವರಿಗೆ ಉಡುಗೊರೆಯ ಚೀಲ ಕೊಡಲು ಶುರು ಮಾಡಿತು.

ಈ ಕೂಟದಾಟದ ವಂಶಾವಳಿ ಗೊತ್ತಿರುವುದೇ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಕಾಗದ, ದಾಳಗಳಲ್ಲಿ ಆಡುವ 'ಡಂಜನ್ಸ್ ಅಂಡ್ ಡ್ರಾಗನ್ಸ್' ತಂದರು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಟ್ರಬ್‌ಶಾ, ಬಾರ್ಟಲ್ ಎಂಬ ವಿದ್ಯಾರ್ಥಿಗಳು ಇಂಥ ಕೂಟದಾಟವನ್ನು ಕಂಪ್ಯೂಟರಿಗೆ ಇಳಿಸಿದರು, ಬರೀ ಅಕ್ಷರಗಳಲ್ಲಿ. 1999ರಲ್ಲಿ 'ಎವರ್‌ಕ್ವೆಸ್ಟ್', 2004ರ ನವೆಂಬರಿನಲ್ಲಿ 'ವಾರ್‌ಕ್ರಾಫ್ಟ್'. ನಮ್ಮ ದೇಶದಲ್ಲಿ ಆ ಕಾಲಕ್ಕೆ ಸೈಬರ್ ಕೆಫೆಗಳಿಗೆ ಬಂದದ್ದು ಕೊರಿಯಾದ 'ರ‍್ಯಾಗ್ನರಾಕ್'. ಮೈಸೂರಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ನಾನೂ ಆಡಿದ್ದೇನೆ. ನನ್ನದು ಅಕೊಲೈಟ್, ವಾಸಿ ಮಾಡುವ ಪಾತ್ರ. ಪಾಯೊನ್ ಗುಹೆಯಲ್ಲಿ ಸತ್ತು ಎದ್ದ ಪಿಶಾಚಿಗಳಿರುತ್ತಿದ್ದವು, ಅವಕ್ಕೆ ಆರೈಕೆಯ ಮಂತ್ರ ಹಾಕಿದರೆ ಅದೇ ಪೆಟ್ಟಾಗಿ ಬೀಳುತ್ತಿತ್ತು. ಬದುಕಿದವರಿಗೆ ಮದ್ದು, ಸತ್ತವರಿಗೆ ಏಟು. ಅಷ್ಟು ಚೆಂದದ ಕಲ್ಪನೆಯನ್ನು ಆಮೇಲೆ ಯಾವ ಆಟದಲ್ಲೂ ನಾನು ಕಂಡಿಲ್ಲ.

ಅಕ್ಕನ ಚಿಂತೆ ಬೇರೆ. ಊರಲ್ಲಿ ಆನ್‌ಲೈನ್ ಗೇಮ್ ಎಂದರೆ ಜನರಿಗೆ ತಿಳಿಯುವುದು ರಮ್ಮಿ, ಇಲ್ಲವೇ 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಲ್ಲಿಸಿದ ಪಬ್‌ಜಿ. ಹಣ ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಅಳಿಯ ತಿಂಗಳ ಚಂದಾ ಕಟ್ಟುತ್ತಾನೆ ನಿಜ, ಪಣ ಕಟ್ಟುವುದಿಲ್ಲ. ಎರಡಕ್ಕೂ ಇರುವ ಅಂತರ ಲೈಬ್ರರಿ ಚಂದಾಕ್ಕೂ ಇಸ್ಪೀಟು ಅಡ್ಡೆಗೂ ಇರುವಷ್ಟು ಎಂದು ಅಕ್ಕನಿಗೆ ಹೇಳಿದೆ. ಅವಳು ನಂಬಿದಳು ಅಂತ ಕಾಣುತ್ತದೆ, ಬೆಳಿಗ್ಗೆ ಅವನಿಗೆ ಬೈಯಲಿಲ್ಲ.

ಇನ್ನು ಆಟದೊಳಗಿನ ಛತ್ರದ ವಿಷಯ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ನಂಜನಗೂಡು ತಾಲ್ಲೂಕಿನಲ್ಲಿ ಬಿಳಿಗೆರೆಯ ಹಾಗೆ ಇನ್ನೊಂದು ಹೋಬಳಿ ಚಿಕ್ಕಯ್ಯನ ಛತ್ರ. ದಾರಿಹೋಕರು ತಂಗುವ ಛತ್ರದ ಹೆಸರನ್ನೇ ಒಂದು ಹೋಬಳಿ ಹೊತ್ತಿರುವ ಸೀಮೆ ಇದು. ಆಟದೊಳಗೂ ಪ್ರತಿ ಊರಿಗೊಂದು ಛತ್ರ. ಆಡುವವನು ತನ್ನ ಪಾತ್ರವನ್ನು ಅಲ್ಲಿ ಬಿಟ್ಟು ಲಾಗೌಟ್ ಆದರೆ ಅದು ದಣಿವಾರಿಸಿಕೊಳ್ಳುತ್ತದೆ. ನಾವು ಕಚೇರಿಯಲ್ಲೋ ಗದ್ದೆಯಲ್ಲೋ ಇರುವಾಗ ಅದು ಅಲ್ಲಿ ಮಲಗಿರುತ್ತದೆ. 8 ತಾಸಿಗೆ ಒಂದು ಲೆವೆಲ್‌ನ ಶೇ 5ರಷ್ಟು ವಿಶ್ರಾಂತಿ ಕೂಡುತ್ತದೆ. ಹತ್ತು ದಿನ ಬಿಟ್ಟರೆ ಒಂದೂವರೆ ಲೆವೆಲ್‌ನಷ್ಟು, ಅದಕ್ಕಿಂತ ಹೆಚ್ಚಿಲ್ಲ. ಛತ್ರಕ್ಕೆ ಹೋಗದೆ ಬಯಲಲ್ಲೇ ಬಿಟ್ಟರೆ ಅಷ್ಟೇ ವಿಶ್ರಾಂತಿಗೆ ನಾಲ್ಕರಷ್ಟು ಹೊತ್ತು ಬೇಕು. ವಿಶ್ರಾಂತಿ ಪಡೆದವನ ಎಕ್ಸ್‌ಪಿ ಪಟ್ಟಿ ನೀಲಿ, ದಣಿದವನದು ನೇರಳೆ. ನೀಲಿ ಇರುವಷ್ಟು ಹೊತ್ತು ಕೊಂದದ್ದಕ್ಕೆಲ್ಲ ಎರಡರಷ್ಟು ಎಕ್ಸ್‌ಪಿ.

ಕೊಂದದ್ದಕ್ಕೆ ಮಾತ್ರ. ಯಾರದೋ ಕೆಲಸ ಮಾಡಿಕೊಟ್ಟು ಪಡೆಯುವ ಎಕ್ಸ್‌ಪಿಗೆ ಈ ಇಮ್ಮಡಿ ಇಲ್ಲ. ಹಾಗಾಗಿ ತಿಳಿದವರು ನೀಲಿ ಪಟ್ಟಿಯನ್ನು ಕಾಡಿನಲ್ಲಿ ಖರ್ಚು ಮಾಡುವುದಿಲ್ಲ, ಡಂಜನ್‌ಗೆಂದು ಉಳಿಸಿಕೊಳ್ಳುತ್ತಾರೆ. ಅಳಿಯನ 56 ಹೀಗೆ 112 ಆಗುತ್ತದೆ. ಕೆಲವರು ಎರಡು ಮೂರು ಪಾತ್ರ ಇಟ್ಟುಕೊಂಡು ಒಂದು ದುಡಿಯುವಾಗ ಉಳಿದವನ್ನು ಮಲಗಿಸಿರುತ್ತಾರೆ, ಬೆಳೆ ತೆಗೆದ ಹೊಲವನ್ನು ಬೀಳು ಬಿಡುವ ಹಾಗೆ.

ಈ ವಿಶ್ರಾಂತಿಯ ನಿಯಮದ ಹುಟ್ಟಿನ ಕಥೆ ಇನ್ನೂ ಸೊಗಸು. ಪರೀಕ್ಷೆಯ ಹಂತದಲ್ಲಿ ನಿಯಮ ತಿರುಗುಮುರುಗಾಗಿತ್ತು. ಕೆಲಕಾಲ ಆಡಿದ ಮೇಲೆ ಎಕ್ಸ್‌ಪಿ ಅರ್ಧಕ್ಕೆ ಇಳಿಯುತ್ತಿತ್ತು, ಎದ್ದು ಹೋಗಿ ಸುಧಾರಿಸಿಕೊಳ್ಳಲಿ ಎಂದು. ಆಟಗಾರರು ದಂಡ ಹಾಕುತ್ತಿದ್ದೀರಿ ಎಂದು ಸಿಟ್ಟಾದರು. ತಯಾರಕರು ಅಂಕಿಗಳನ್ನು ಎತ್ತಿ ಕೂರಿಸಿದರು. ಮೊದಲಿನ ಪೂರ್ತಿಯನ್ನು 'ಇಮ್ಮಡಿ' ಎಂದರು, ಮೊದಲಿನ ಅರ್ಧವನ್ನು 'ಸಾಮಾನ್ಯ' ಎಂದರು. ಬೆಳೆಯುವ ವೇಗ ಇದ್ದಂತೆಯೇ ಇತ್ತು. ಆದರೂ ದೂರು ನಿಂತಿತು. ಈ ಸಂಗತಿಯನ್ನು ನಾನು ಓದಿದ್ದು ವರ್ಷಗಳ ಹಿಂದೆ, ಈಗಲೂ ನೆನೆದಾಗಲೆಲ್ಲ ಬೆರಗಾಗುತ್ತದೆ. ಮಕ್ಕಳನ್ನು ಊಟಕ್ಕೆ ಎಬ್ಬಿಸುವ ತಾಯಂದಿರು ಇದನ್ನೊಮ್ಮೆ ಯೋಚಿಸಬೇಕು.

ಬೇಗ ಲೆವೆಲ್ ಏರಿಸುವ ಎಲ್ಲ ದಾರಿಗಳೂ ನನಗೆ ಮೆಚ್ಚಿಗೆಯಲ್ಲ. ಹಳೆಯ ಆವೃತ್ತಿ 2019ರ ಆಗಸ್ಟಿನಲ್ಲಿ ಮತ್ತೆ ತೆರೆದಾಗ ಮೇಜ್‌ಗಳು ತಂಡ ಕಟ್ಟಿ ಹಿಂಡು ಹಿಂಡನ್ನೇ ಹಿಮದ ಮಳೆಗೆ ಸಿಕ್ಕಿಸಿ ಕೊಲ್ಲುವ ಬಗೆ ಹಬ್ಬಿತು. ಅದರಲ್ಲಿ ಐವರಿಗೂ ಕೆಲಸವಿದೆ, ನನ್ನ ತಕರಾರಿಲ್ಲ. ತಕರಾರು ಇರುವುದು 'ಬೂಸ್ಟ್' ಮೇಲೆ. 60ನೇ ಲೆವೆಲ್‌ನ ಮೇಜ್ ಒಬ್ಬನೇ ಇಡೀ ಡಂಜನ್ನನ್ನು ಎಳೆದು ತಂದು ಕೊಲ್ಲುತ್ತಾನೆ. ಆಟದ ಚಿನ್ನ ಕೊಟ್ಟ ನಾಲ್ವರು ಬಾಗಿಲಲ್ಲಿ ನಿಂತು ಎಕ್ಸ್‌ಪಿ ತಿನ್ನುತ್ತಾರೆ. 2020ರ ಜೂನ್‌ನಲ್ಲಿ ದಿನಕ್ಕೆ 30 ಡಂಜನ್ ಎಂಬ ಮಿತಿ ಬಂತು. ಹಾಗೆ ಬೆಳೆದ ಟ್ಯಾಂಕ್ ಒಬ್ಬನ ಜೊತೆ ಅಳಿಯ ಆಡಿದ್ದಾನಂತೆ. "ಹಗೆ ಎಳ್ಕೊಳೋ ಗುಂಡಿ ಎಲ್ಲೈತೆ ಅಂತ್ಲೇ ಅವ್ನಿಗೆ ಗೊತ್ತಿರ್ಲಿಲ್ಲ ಮಾವ. ಪಾಪ, ಯಾರೂ ಹೇಳ್ಕೊಟ್ಟಿಲ್ಲ" ಎಂದ. ಬೈಯಲಿಲ್ಲ ಅವನು, ಮರುಗಿದ.

2009ರ ಡಿಸೆಂಬರಿನಲ್ಲಿ ಬಂದ 'ಡಂಜನ್ ಫೈಂಡರ್' ಬಗ್ಗೆಯೂ ನನಗೆ ಅರೆಮನಸ್ಸು. ಗುಂಡಿ ಒತ್ತಿದರೆ ಎಲ್ಲೆಲ್ಲಿಯವರೋ ನಾಲ್ವರು ಸಿಗುತ್ತಾರೆ, ಕೆಲಸ ಮುಗಿದೊಡನೆ ಹೊರಟುಹೋಗುತ್ತಾರೆ. ಹಳೆಯ ಆವೃತ್ತಿಯಲ್ಲಿ ಆ ಗುಂಡಿ ಇಲ್ಲ. ಚಾಮರಾಜನಗರದ ಹುಡುಗ ಹೀಗೇ ಒಂದು ಸಂಜೆ ಆಟದೊಳಗಿನ ಪೇಟೆಯಲ್ಲಿ "ಒಬ್ಬ ಟ್ಯಾಂಕ್ ಬೇಕು" ಎಂದು ಕೂಗುತ್ತಿದ್ದನಂತೆ. ಸೇರಿದ ಮೇಲೆ, ಅವಸರದಲ್ಲಿ ಅವನ ಬಾಯಿಂದ "ಅಯ್ಯೋ ಶಿವ್ನೇ" ಎಂದು ಬಂದಾಗ, ಕನ್ನಡದವನು ಎಂದು ಇವನಿಗೆ ಗೊತ್ತಾಯಿತು.

ಹನ್ನೆರಡೂವರೆ ಹೊತ್ತಿಗೆ ಚರ್ಚಿನ ಒಳಗಿದ್ದರು. ಕಂಬಗಳ ನಡುವಿನವರನ್ನು ಎರಡು ಮೂರರಂತೆ ಹೊರಗೆಳೆದು ಮುಗಿಸಿದ್ದರು. ಈ ಸನ್ಯಾಸಿಗಳು ಪ್ರಾಣ ಹೋಗುವಂತಾದಾಗ ಓಡುತ್ತಾರೆ, ಓಡಿ ಇನ್ನಷ್ಟು ಜನರನ್ನು ಕರೆತರುತ್ತಾರೆ. "ಓಡೋನ್ನ ಬಿಡ್ಬ್ಯಾಡ" ಎಂದಾಗಲೆಲ್ಲ ದುಬೈನ ಮೇಜ್ ಹಿಮ ಎರಚಿ ಕಾಲು ಹಿಡಿಯುತ್ತಿದ್ದ. ನಡುನಡುವೆ ಅವನೇ ಮಂತ್ರದಿಂದ ನೀರು ಮಾಡಿ ಪ್ರೀಸ್ಟ್‌ಗೂ ಇನ್ನೊಬ್ಬ ಮೇಜ್‌ಗೂ ಕೊಡುತ್ತಿದ್ದ, ಅವರು ನೆಲದಲ್ಲಿ ಕೂತು ಕುಡಿದು ಮಾನಾ, ಎಂದರೆ ಮಂತ್ರದ ಬಲ, ತುಂಬಿಕೊಳ್ಳುತ್ತಿದ್ದರು.

ಕೊನೆಗೆ ದಳಪತಿ ಮೊಗ್ರೇನ್. ಅವನು ಬಿದ್ದ. ನಾನು ಮುಗಿಯಿತು ಎಂದುಕೊಂಡೆ. ಹಿಂದಿನ ಬಾಗಿಲು ತೆರೆದು ವೈಟ್‌ಮೇನ್ ಎಂಬ ಹೆಂಗಸು ಬಂದಳು. ಅವಳ ಪ್ರಾಣ ಅರ್ಧಕ್ಕೆ ಇಳಿದಾಗ ಐವರನ್ನೂ ನಿದ್ದೆಗೆ ಕೆಡವಿ, ಸತ್ತವನನ್ನು ಎಬ್ಬಿಸಿದಳು. ಬಿಳಿಗೆರೆ, ಮೈಸೂರು, ಬೆಂಗಳೂರು, ದುಬೈ, ಚಾಮರಾಜನಗರ, ಐದು ಕಡೆಯಲ್ಲೂ ಐವರು ಕೈಕಟ್ಟಿ ನೋಡಬೇಕಾಯಿತು. ಎಚ್ಚರವಾದಾಗ ಶತ್ರುಗಳು ಇಬ್ಬರು. ಮೈಸೂರಿನ ಹುಡುಗಿ "ಮಾನಾ ಸ್ವಲ್ಪಾನೇ ಇದೆ, ಎರಡು ಹೀಲ್ ಆಗತ್ತೆ ಅಷ್ಟೇ" ಎಂದಳು. "ನನ್ಗೆ ಹಾಕ್ಬ್ಯಾಡ. ರೋಗ್‌ಗೆ ಹಾಕು, ಅವ್ನು ಹೊಡೀಲಿ" ಎಂದ ಅಳಿಯ. ಗೂಳಿ ಕಾಲು ಎತ್ತಿ ನೆಲಕ್ಕೆ ಬಡಿಯಿತು. ಶತ್ರುಗಳಿಬ್ಬರೂ ಎರಡು ಕ್ಷಣ ಮರವಟ್ಟರು. ವೈಟ್‌ಮೇನ್ ಬಿದ್ದಳು. ಮೊಗ್ರೇನ್ ಎರಡನೇ ಸಲ ಬಿದ್ದಾಗ ಬಸವಣ್ಣನ ಪ್ರಾಣದ ಪಟ್ಟಿಯಲ್ಲಿ ಕೆಂಪು ಗೆರೆಯಷ್ಟೇ ಉಳಿದಿತ್ತು. ಅವನ ಸುತ್ತ ಹೊನ್ನಿನ ಬೆಳಕು ಎದ್ದಿತು. 38.

ಇಯರ್‌ಫೋನಿನಲ್ಲಿ ನಾಲ್ಕು ದನಿ ಒಟ್ಟಿಗೆ ಕೂಗಿದ್ದು ನನಗೂ ಕೇಳಿಸಿತು. ಅಜ್ಜಿ ಹಜಾರದಿಂದ "ಏನಾಯ್ತ್ಲಾ?" ಎಂದರು.

ಅಳಿಯ ಆಗಲೇ ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಗೂಳಿಯನ್ನು ಚರ್ಚಿನಿಂದ ಹೊರಗೆ ನಡೆಸಿ, ಕತ್ತಲ ದಾರಿಯಲ್ಲಿ ಬ್ರಿಲ್ ಎಂಬ ಊರಿನವರೆಗೆ ಕರೆದೊಯ್ದು, ಛತ್ರದ ಬಾಗಿಲು ದಾಟಿಸಿ, ಒಲೆಯ ಪಕ್ಕ ಕೂರಿಸಿದ. ಬೆಳಿಗ್ಗೆ ಅವನಿಗೆ ಬೆಂಗಳೂರಿನ ಬಸ್ಸು, ಇನ್ನು ಆಡುವುದು ವಾರಾಂತ್ಯಕ್ಕೆ. ಐದು ದಿನಕ್ಕೆ ಎಷ್ಟಾಗುತ್ತದೆ ಎಂದು ಕೇಳಿದೆ. ಬೆರಳು ಮಡಿಸಿ ಎಣಿಸಿದ: 120 ತಾಸು, ಎಂಟೆಂಟರಂತೆ ಹದಿನೈದು ಸಲ, ಶೇ 75. "ಮುಕ್ಕಾಲು ಲೆವೆಲ್ ನೀಲಿ ಇರ್ತದೆ ಮಾವ" ಎಂದು ದೀಪ ಆರಿಸಿದ.