ಒಂದೇ ಪ್ರತಿಯಲ್ಲಿ ಉಳಿದ ನೂರು ಕವಿತೆಗಳು

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ 'ಹಾರ್ಲಿ 4431' ಎಂಬ ಗುರುತಿನ ಹಳೆಯ ಹಸ್ತಪ್ರತಿಯೊಂದಿದೆ. ಸುಮಾರು ಆರು ಶತಮಾನಗಳ ಹಿಂದೆ, 1410ರಿಂದ 1414ರ ನಡುವೆ, ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ರಾಣಿ ಇಸಾಬೊಗಾಗಿ ಇದನ್ನು ಸಿದ್ಧಪಡಿಸಲಾಯಿತು. ವಿದ್ವತ್ ವಲಯದಲ್ಲಿ ಇದಕ್ಕೆ 'ರಾಣಿಯ ಗ್ರಂಥ' ಎಂದೇ ಹೆಸರು. ಹದಮಾಡಿದ ಚರ್ಮದ 398 ಹಾಳೆಗಳು, ನೂರಮೂವತ್ತರಷ್ಟು ವರ್ಣಚಿತ್ರಗಳು, ಮೂವತ್ತರಷ್ಟು ಕೃತಿಗಳು. ಈ ಕೃತಿಗಳನ್ನೆಲ್ಲ ರಚಿಸಿದಾಕೆ ಒಬ್ಬಳೇ ಕವಯಿತ್ರಿ, ಕ್ರಿಸ್ಟೀನ್ ದ ಪಿಜಾನ್.

ಕ್ರಿಸ್ಟೀನ್ ಹುಟ್ಟಿನಿಂದ ಫ್ರಾನ್ಸಿನವಳಲ್ಲ. ಸುಮಾರು 1364ರಲ್ಲಿ ಇಟಲಿಯ ವೆನಿಸ್‌ನಲ್ಲಿ ಹುಟ್ಟಿದವಳು. ತಂದೆ ತೊಮ್ಮಾಸೊ ವೈದ್ಯ ಹಾಗೂ ಜ್ಯೋತಿಷಿ. ಫ್ರಾನ್ಸಿನ ದೊರೆ ಐದನೆಯ ಚಾರ್ಲ್ಸ್ ತನ್ನ ಆಸ್ಥಾನಕ್ಕೆ ಕರೆಸಿಕೊಂಡಾಗ ಸಂಸಾರ ಸಮೇತ ಪ್ಯಾರಿಸ್ಸಿಗೆ ಬಂದು ನೆಲೆಸಿದ. ಪಿಜಾನ್ ಎಂಬುದು ಆ ಮನೆತನದ ಮೂಲ ಊರಿನ ಹೆಸರು. ನಮ್ಮಲ್ಲಿ ಅನೇಕರು ಬಿಟ್ಟುಬಂದ ಊರನ್ನು ಹೆಸರಿನ ಜೊತೆಯಲ್ಲಿ ಇಟ್ಟುಕೊಂಡಿರುವಂತೆ, ಆ ಮನೆತನವೂ ಇಟ್ಟುಕೊಂಡಿತ್ತು. ಬಂದ ನಾಡಿನ ಭಾಷೆಯನ್ನು ಕಲಿತ ಹುಡುಗಿ ಮುಂದೆ ಅದೇ ಭಾಷೆಯ ಪ್ರಮುಖ ಕವಿಗಳಲ್ಲಿ ಒಬ್ಬಳಾದಳು.

ಆದರೆ ಅವಳ ಕೈಗೆ ಲೇಖನಿ ಬಂದದ್ದು ಸುಖದ ದಿನಗಳಲ್ಲಲ್ಲ. ಹದಿನೈದರ ವಯಸ್ಸಿಗೆ ಎಟಿಯೆನ್ ಎಂಬ ರಾಜ ಕಾರ್ಯದರ್ಶಿಯೊಡನೆ ಮದುವೆಯಾಯಿತು. ಪೋಷಕನಾಗಿದ್ದ ದೊರೆ 1380ರಲ್ಲಿ ತೀರಿಕೊಂಡ. ಕೆಲವು ವರ್ಷಗಳ ಬಳಿಕ ತಂದೆಯೂ ತೀರಿಕೊಂಡ. ಅನಂತರ, ರಾಜನ ಜೊತೆ ಪ್ರವಾಸದಲ್ಲಿದ್ದ ಗಂಡನನ್ನು ಸಾಂಕ್ರಾಮಿಕ ರೋಗ ಬಲಿ ತೆಗೆದುಕೊಂಡಿತು. ಆಗ ಅವಳಿಗೆ ಇಪ್ಪತ್ತೈದರ ಹರೆಯ. ಮೂವರು ಮಕ್ಕಳು, ವಯಸ್ಸಾದ ತಾಯಿ, ಆಶ್ರಯಕ್ಕಿದ್ದ ಬಂಧುವಿನ ಮಗಳು, ಎಲ್ಲರ ಹೊಣೆಯೂ ಹೆಗಲಿಗೆ ಬಿತ್ತು. ಗಂಡನಿಗೆ ಸಲ್ಲಬೇಕಾಗಿದ್ದ ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯಬೇಕಾಯಿತು.

ಆ ಕಾಲದ ವಿಧವೆಗೆ ಮುಂದಿದ್ದ ದಾರಿ ಮರುಮದುವೆ, ಇಲ್ಲವೇ ಕ್ರೈಸ್ತ ಮಠ. ಕ್ರಿಸ್ಟೀನ್ ಎರಡನ್ನೂ ಒಪ್ಪದೆ ಬರವಣಿಗೆಯಿಂದಲೇ ಬದುಕು ಸಾಗಿಸಿದಳು. ಮುದ್ರಣ ಯಂತ್ರ ಯುರೋಪಿಗೆ ಬಾರದ ಕಾಲವದು. ಕೃತಿ ರಚಿಸುವುದು, ಲಿಪಿಕಾರರಿಂದ ಅಂದವಾಗಿ ಬರೆಸುವುದು, ಚಿತ್ರಕಾರರಿಂದ ಅಲಂಕರಿಸುವುದು, ಬಳಿಕ ರಾಜರಾಣಿಯರಿಗೆ ಅರ್ಪಿಸಿ ಸಂಭಾವನೆ ಪಡೆಯುವುದು, ಇದು ಅವಳ ವೃತ್ತಿಯಾಯಿತು. ಪ್ಯಾರಿಸ್ಸಿನಲ್ಲಿ ಅನಸ್ತಾಸಿಯಾ ಎಂಬ ಚಿತ್ರಕಾರಿಣಿಯಿದ್ದಳೆಂದೂ, ತನ್ನ ಗ್ರಂಥಗಳಿಗೂ ಆಕೆ ಚಿತ್ರ ಬರೆದಿದ್ದಳೆಂದೂ ಕ್ರಿಸ್ಟೀನ್ ಮೆಚ್ಚುಗೆಯಿಂದ ದಾಖಲಿಸಿದ್ದಾಳೆ. 'ರಾಣಿಯ ಗ್ರಂಥ'ದ ಮೊದಲ ಚಿತ್ರದಲ್ಲಿ ನೀಲಿ ಉಡುಪಿನ ಕ್ರಿಸ್ಟೀನ್ ಮೊಣಕಾಲೂರಿ ರಾಣಿಗೆ ಗ್ರಂಥವನ್ನು ಒಪ್ಪಿಸುತ್ತಿದ್ದಾಳೆ. ಸುತ್ತ ಸಖಿಯರು, ರಾಣಿಯ ಬಳಿ ಮುದ್ದಿನ ನಾಯಿ.

ಅಂದಿನ ಫ್ರೆಂಚ್ ಆಸ್ಥಾನದಲ್ಲಿ ಮೆಚ್ಚುಗೆ ಪಡೆದಿದ್ದ ಕಾವ್ಯರೂಪ 'ಬಲಾಡ್'. ಸಾಮಾನ್ಯವಾಗಿ ಮೂರು ಪದ್ಯಗಳು. ಮೂರರಲ್ಲೂ ಅದೇ ಪ್ರಾಸ, ಪ್ರತಿ ಪದ್ಯದ ಕೊನೆಗೆ ಅದೇ ಸಾಲು, ನಮ್ಮ ಹಾಡಿನ ಪಲ್ಲವಿಯಂತೆ ಮರಳಿ ಬರುತ್ತದೆ. ವಿಷಯ ಹೆಚ್ಚಾಗಿ ಸರದಾರನೊಬ್ಬನ ಪ್ರಣಯ ನಿವೇದನೆ. ಕ್ರಿಸ್ಟೀನ್ ಈ ಚೌಕಟ್ಟಿನೊಳಗೆ ವಿಧವೆಯ ಏಕಾಂತವನ್ನು ತಂದಳು. ಅವಳ ಒಂದು ಪ್ರಸಿದ್ಧ ಬಲಾಡಿನಲ್ಲಿ ಬಹುತೇಕ ಪ್ರತಿಯೊಂದು ಸಾಲೂ 'ಒಂಟಿ' ಎಂಬ ಅರ್ಥದ ಒಂದೇ ಪದದಿಂದ ಆರಂಭವಾಗುತ್ತದೆ.

ಈ ಗ್ರಂಥದಲ್ಲಿರುವ 'ಪ್ರಿಯಕರ ಮತ್ತು ಪ್ರಿಯತಮೆಯ ನೂರು ಬಲಾಡುಗಳು' ಎಂಬ ಕೃತಿ ಅವಳ ಪ್ರೌಢ ರಚನೆಗಳಲ್ಲೊಂದು. ಅವನ ಮಾತು, ಅವಳ ಉತ್ತರ, ಹೀಗೆ ಕಥೆ ಸಾಗುತ್ತದೆ. ಗಂಡಸಿನ ಹೊಗಳಿಕೆಗೆ ಮರುಳಾದ ಹೆಣ್ಣು ಕೊನೆಗೆ ಏನು ತೆರಬೇಕಾಗುತ್ತದೆ ಎಂಬುದನ್ನು ಹೆಣ್ಣಿನ ಬಾಯಿಂದಲೇ ಹೇಳಿಸಿದ ಕಾವ್ಯವಿದು. ಕೊನೆಯ ಮಾತು ಸಾಯುತ್ತಿರುವ ಆ ಪ್ರಿಯತಮೆಯದೇ. ಈ ಕಾವ್ಯ ಇಂದು ಜಗತ್ತಿನಲ್ಲಿ ಈ ಒಂದೇ ಹಸ್ತಪ್ರತಿಯಲ್ಲಿ ಉಳಿದಿದೆ. ಇದು ಕಳೆದುಹೋಗಿದ್ದರೆ ನೂರು ಕವಿತೆಗಳೂ ಇಲ್ಲವಾಗುತ್ತಿದ್ದವು.

ಕಳೆದುಹೋಗಲು ಸಂದರ್ಭಗಳೇನೂ ಕಡಿಮೆ ಇರಲಿಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸಿನ ನೂರು ವರ್ಷಗಳ ಯುದ್ಧ ನಡೆದಿತ್ತು. ಗ್ರಂಥ ಫ್ರಾನ್ಸನ್ನು ಆಳುತ್ತಿದ್ದ ಇಂಗ್ಲಿಷ್ ಪ್ರತಿನಿಧಿ ಬೆಡ್‌ಫರ್ಡ್ ಡ್ಯೂಕನ ಮನೆ ಸೇರಿತು. ಅವನ ಎರಡನೆಯ ಹೆಂಡತಿ ಜಾಕೆಟ್ಟಾಳ ಸಹಿ ಅದರ ಹಾಳೆಯ ಮೇಲಿದೆ. ಅಲ್ಲಿಂದ ಬ್ರೂಜ್ ನಗರದ ಗ್ರಂಥಪ್ರೇಮಿ ಶ್ರೀಮಂತನೊಬ್ಬನ ಕೈಗೆ, ಮತ್ತೆ ಇಂಗ್ಲೆಂಡಿಗೆ. 1676ರ ಹೊತ್ತಿಗೆ ನ್ಯೂಕ್ಯಾಸಲ್ ಡ್ಯೂಕನ ಬಳಿಯಿತ್ತು. ಕೊನೆಗೆ ಹಾರ್ಲಿ ಮನೆತನದ ಸಂಗ್ರಹ ಸೇರಿತು. ಆ ಸಂಗ್ರಹದ ಹಸ್ತಪ್ರತಿಗಳನ್ನೆಲ್ಲ 1753ರಲ್ಲಿ ಬ್ರಿಟಿಷ್ ಸರಕಾರ 10,000 ಪೌಂಡುಗಳಿಗೆ ಕೊಂಡು ಬ್ರಿಟಿಷ್ ಮ್ಯೂಸಿಯಂಗೆ ಒಪ್ಪಿಸಿತು. ಈ ನೂರು ಬಲಾಡುಗಳು ಮುದ್ರಣ ಕಂಡದ್ದು 1896ರಲ್ಲಿ, ಬರೆದು ಸುಮಾರು ಐದು ಶತಮಾನಗಳ ಬಳಿಕ.

ಕೈ ಬದಲಾದ ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ಎಸೆಯದೆ ಇಟ್ಟುಕೊಂಡರು. ಹೆಸರು ಬರೆದಿಟ್ಟರು. ಅದಕ್ಕಾಗಿಯೇ ಅದು ಉಳಿದಿದೆ.

ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯೂ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವಳು. ಆ ಕಾವ್ಯ ನಮಗೆ ದಕ್ಕಿದೆ. ಆದರೆ ಅವಳ ಆಶ್ರಯ ಪಡೆದ ರನ್ನನ 'ಪರಶುರಾಮಚರಿತ' ಹೆಸರಿಗಷ್ಟೇ ಉಳಿದಿದೆ.

ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಕೆಲವರು ಕೇಳಬಹುದು. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದು, ಅದರ ಹಸ್ತಪ್ರತಿಗಳ ಡಿಜಿಟಲ್ ಚಿತ್ರಗಳು ತಿಂಗಳುಗಟ್ಟಲೆ ಓದುಗರಿಗೆ ಸಿಗಲಿಲ್ಲ. ಕಪಾಟಿನಲ್ಲಿದ್ದ ಚರ್ಮದ ಹಾಳೆಗಳಿಗೆ ಏನೂ ಆಗಲಿಲ್ಲ. ಎರಡೂ ಬಗೆಯ ಪ್ರತಿ ಬೇಕು, ಎರಡು ಕಡೆ ಬೇಕು ಎಂಬುದೇ ಇದರ ಪಾಠ.

ನಮ್ಮ ಸಂಘ ಸಂಸ್ಥೆಗಳ ಕಪಾಟುಗಳಲ್ಲೂ ಹಳೆಯ ಸ್ಮರಣ ಸಂಚಿಕೆಗಳು, ಕೈಬರಹದ ಪತ್ರಿಕೆಗಳು, ನಾಟಕದ ಹಸ್ತಪ್ರತಿಗಳು ಇರುತ್ತವೆ. ಅವುಗಳಲ್ಲಿ ಯಾವುದೋ ಒಂದು, ಜಗತ್ತಿನಲ್ಲಿ ಉಳಿದಿರುವ ಒಂದೇ ಪ್ರತಿ ಆಗಿರಬಹುದು. ಕಚೇರಿ ಸ್ಥಳಾಂತರದ ಗಡಿಬಿಡಿಯಲ್ಲಿ ಅದನ್ನು ರದ್ದಿಗೆ ಹಾಕುವ ಮೊದಲು ಪದಾಧಿಕಾರಿಗಳು ಒಮ್ಮೆ ತೆರೆದು ನೋಡಲಿ. ಬರೆದವರ ಹೆಸರು, ಇಸವಿ ನಮೂದಿಸಿ, ಇನ್ನೊಂದು ಪ್ರತಿ ತೆಗೆಸಿ ಬೇರೆ ಕಡೆ ಇರಿಸಲಿ. ಅದಕ್ಕೆ ತಗಲುವ ಖರ್ಚು ಒಂದು ಹಾರ ತುರಾಯಿಗಿಂತ ಹೆಚ್ಚಾಗದು.